ಅಂಗನವಾಡಿಯಿಂದ ಖಾಸಗಿ ಶಾಲೆಯ ಒಂದನೇ ತರಗತಿಗೆ: ಹೋಂವರ್ಕ್ ಜೊತೆ ಕಳೆದ ವರ್ಷ

ಮಗಳ ಒಂದನೇ ತರಗತಿ ಏಪ್ರಿಲ್ ತಿಂಗಳಲ್ಲಿ ಮುಗಿದು ಪ್ರಗತಿ ಪತ್ರ ಕೈಗೆ ಬಂದಿದೆ. ಅಂಗನವಾಡಿಯಲ್ಲಿ ಹಾಡು, ಕಥೆ, ಆಟಗಳ ನಡುವೆ ಬೆಳೆದ ಮಗುವನ್ನು ನಾವು ನೇರವಾಗಿ ಇಂಗ್ಲಿಷ್ ಮಾಧ್ಯಮದ ಖಾಸಗಿ ಶಾಲೆಗೆ ಸೇರಿಸಿದ್ದೆವು. ಅಲ್ಲಿ ಅವಳ ಅಕ್ಕಪಕ್ಕ ಕುಳಿತ ಮಕ್ಕಳೆಲ್ಲ ಅದೇ ಶಾಲೆಯಲ್ಲಿ ಎಲ್‌ಕೆಜಿ, ಯುಕೆಜಿ ಮುಗಿಸಿ, ಇಂಗ್ಲಿಷಿನ ಚಿಕ್ಕಕ್ಷರ ದೊಡ್ಡಕ್ಷರಗಳನ್ನೂ ನೂರರವರೆಗಿನ ಅಂಕಿಗಳನ್ನೂ ಬರೆಯಲು ಕಲಿತು ಬಂದವರು. ಈ ಅಂತರವನ್ನು ತುಂಬುವ ಕೆಲಸ ತರಗತಿಯಲ್ಲೇ ನಡೆಯುತ್ತದೆಂದು ಪೋಷಕರು ನಂಬಿರುತ್ತಾರೆ. ಆದರೆ ಅದರ ಬಹುಪಾಲು ಹೋಂವರ್ಕ್ ಆಗಿ ಸಂಜೆ ಮನೆಗೆ ಬರುತ್ತದೆ. ಇದೇ ದಾರಿಯಲ್ಲಿ ಬರುವವರಿಗೆ ಗೊಂದಲ ಸ್ವಲ್ಪವಾದರೂ ಕಡಿಮೆಯಾಗಲಿ ಎಂದು ನಡೆದದ್ದನ್ನು ನಡೆದ ಕ್ರಮದಲ್ಲೇ ಬರೆಯುತ್ತಿದ್ದೇನೆ.

ಪ್ರವೇಶದ ಸಮಯದಲ್ಲಿ ಜನನ ಪ್ರಮಾಣಪತ್ರ, ಆಧಾರ್ ಕಾರ್ಡಿನ ಪ್ರತಿ, ಜಾತಿ ಪ್ರಮಾಣಪತ್ರ ಮತ್ತು ಫೋಟೊಗಳನ್ನು ಕೊಟ್ಟೆವು. ಶಾಲೆಯ ಕಚೇರಿಯಲ್ಲಿ ಯುಕೆಜಿಯ ಪ್ರಗತಿ ಪತ್ರವನ್ನೂ ಟಿಸಿಯನ್ನೂ ಕೇಳಿದರು. ನಮ್ಮ ಬಳಿ ಎರಡೂ ಇರಲಿಲ್ಲ. ಮಗು ಇಷ್ಟು ಕಾಲ ನಮ್ಮ ಕೇಂದ್ರಕ್ಕೆ ಬಂದಿದ್ದಾಳೆ ಎಂದು ಅಂಗನವಾಡಿ ಕಾರ್ಯಕರ್ತೆ ಮೊಹರು ಹಾಕಿ ಬರೆದುಕೊಟ್ಟ ಪತ್ರವನ್ನು ಕೊನೆಗೆ ಒಪ್ಪಿಕೊಂಡರು. ಅಂಗನವಾಡಿಯಿಂದ ಬರುವವರು ಈ ಪತ್ರವನ್ನು ಮೊದಲೇ ಪಡೆದಿಟ್ಟುಕೊಳ್ಳುವುದು ಒಳ್ಳೆಯದು, ಏಕೆಂದರೆ ಬೇಸಿಗೆ ರಜೆಯ ದಿನಗಳಲ್ಲಿ ಅವರನ್ನು ಹುಡುಕಿಕೊಂಡು ಹೋಗಬೇಕಾಗುತ್ತದೆ. ಅನಂತರ ಮಗುವನ್ನು ಒಬ್ಬಳನ್ನೇ ಒಳಗೆ ಕರೆದು, ಎ ಯಿಂದ ಜೆಡ್‌ವರೆಗೆ ಬರೆಯಲು ಹೇಳಿದರು. ನಾವು ಹೊರಗಿನ ಬೆಂಚಿನ ಮೇಲೆ ಕಾದೆವು. 2009ರ ಶಿಕ್ಷಣ ಹಕ್ಕು ಕಾಯ್ದೆಯ 13ನೇ ಸೆಕ್ಷನ್ ಪ್ರಕಾರ ಪ್ರವೇಶಕ್ಕಾಗಿ ಮಗುವನ್ನಾಗಲಿ ಪೋಷಕರನ್ನಾಗಲಿ ಪರೀಕ್ಷೆಗೆ ಒಳಪಡಿಸುವಂತಿಲ್ಲ; ಇದನ್ನು ತಿಳಿದು ಹೋದರೆ ಅಂಥ ಕೋಣೆಯ ಹೊರಗೆ ಕೂರುವಾಗ ಧೈರ್ಯವಿರುತ್ತದೆ. ಸೀಟು ಸಿಕ್ಕಿತು. ಜೊತೆಗೆ, “ಮನೆಯಲ್ಲಿ ಚೆನ್ನಾಗಿ ಪ್ರಾಕ್ಟೀಸ್ ಮಾಡಿಸಬೇಕು ಮೇಡಂ” ಎಂಬ ಮಾತೂ ಬಂತು. ಇಡೀ ವರ್ಷದ ಸಂಜೆಗಳು ಹೇಗಿರುತ್ತವೆ ಎಂಬುದನ್ನು ಆ ಒಂದು ಮಾತು ಹೇಳಿಬಿಟ್ಟಿತ್ತು.

ಜೂನ್ ತಿಂಗಳ ಮಧ್ಯದಿಂದಲೇ ಹೋಂವರ್ಕ್ ಆರಂಭವಾಯಿತು. ಇಂಗ್ಲಿಷಿಗೆ ನಾಲ್ಕು ಗೆರೆಯ ಪುಸ್ತಕದಲ್ಲಿ ಒಂದು ಪುಟ ಕಾಪಿ ರೈಟಿಂಗ್, ಗಣಿತಕ್ಕೆ ಚೌಕದ ಪುಸ್ತಕದಲ್ಲಿ ಒಂದರಿಂದ ನೂರರವರೆಗೆ ಅಂಕಿಗಳು, ಕನ್ನಡಕ್ಕೆ ಒಂದು ಅಕ್ಷರವನ್ನು ಪುಟ ತುಂಬ ಬರೆಯುವುದು, ಪರಿಸರ ಅಧ್ಯಯನಕ್ಕೆ ಪ್ರಶ್ನೋತ್ತರಗಳನ್ನು ಬಾಯಿಪಾಠ ಮಾಡುವುದು. ಯಾವುದೋ ಒಂದು ದಿನ ಇವುಗಳಲ್ಲಿ ಒಂದು ಬಂದರೆ ತೊಂದರೆಯೇನೂ ಇಲ್ಲ. ಆದರೆ ಒಂದೊಂದು ವಿಷಯಕ್ಕೂ ಒಬ್ಬೊಬ್ಬ ಶಿಕ್ಷಕಿ ಇರುವ ಶಾಲೆಗಳಲ್ಲಿ, ಉಳಿದವರು ಆ ದಿನ ಏನು ಕೊಟ್ಟಿದ್ದಾರೆಂದು ಯಾರಿಗೂ ಗೊತ್ತಿರುವುದಿಲ್ಲ. ನಾಲ್ಕೂ ಒಂದೇ ಸಂಜೆ ಬಂದು ಸೇರುತ್ತವೆ. ಇದರ ಮೇಲೆ ಬೋರ್ಡಿನಲ್ಲಿ ಬರೆದದ್ದನ್ನು ಡೈರಿಗೆ ಇಳಿಸಿಕೊಂಡು ಬರುವ ಹೊಣೆಯೂ ಮಗುವಿನದೇ. ಅಕ್ಷರವೇ ಬಾರದ ಮಗು ಡೈರಿ ಬರೆಯುವುದು ಹೇಗೆ? ಅರ್ಧಕ್ಕೇ ನಿಂತ ಸಾಲುಗಳನ್ನು ನೋಡಿ ನಾವು ತರಗತಿಯ ವಾಟ್ಸ್‌ಆ್ಯಪ್ ಗುಂಪಿನಲ್ಲಿ ಬೇರೆ ಮಕ್ಕಳ ಡೈರಿಯ ಫೋಟೊ ಕೇಳಬೇಕಾಗುತ್ತಿತ್ತು.

ಒಂದು ಸಂಜೆ ಅವಳು ಬರೆಯುತ್ತಿರುವುದನ್ನು ಎದುರಿಗೆ ಕುಳಿತು ಗಮನಿಸಿದೆ. ಪೆನ್ಸಿಲನ್ನು ನಾಲ್ಕೂ ಬೆರಳುಗಳಿಂದ ಮುಷ್ಟಿಯಂತೆ ಹಿಡಿದಿದ್ದಳು. ತೋರುಬೆರಳಿನ ತುದಿ ಒತ್ತಡಕ್ಕೆ ಬಿಳಿಚಿಕೊಂಡಿತ್ತು. ಮೊದಲ ಮೂರು ಸಾಲುಗಳ ಅಕ್ಷರಗಳು ಗೆರೆಯ ಮೇಲೆ ನೆಟ್ಟಗೆ ಕುಳಿತಿದ್ದವು. ನಾಲ್ಕನೆಯ ಸಾಲಿನಿಂದ ಅವು ಜಾರತೊಡಗಿ, ಪುಟದ ಕೊನೆಯಲ್ಲಿ ಒಂದರ ಮೇಲೊಂದು ಬಿದ್ದಿದ್ದವು. ಹಾಳೆಯ ಹಿಂಬದಿಯನ್ನು ಸವರಿದರೆ ಅಷ್ಟೂ ಬರಹ ಕೈಗೆ ತಾಗುತ್ತಿತ್ತು. “ಅಮ್ಮಾ, ಕೈ ನೋಯ್ತಿದೆ” ಎಂದವಳು ನೆಪ ಹೇಳುತ್ತಿಲ್ಲವೆಂಬುದಕ್ಕೆ ಆ ಪುಟವೇ ಸಾಕ್ಷಿಯಾಗಿತ್ತು. ಮಣಿಕಟ್ಟಿನಲ್ಲಿರುವ ಎಂಟು ಚಿಕ್ಕ ಮೂಳೆಗಳು ಹುಟ್ಟುವಾಗ ಮೃದ್ವಸ್ಥಿಯಾಗಿದ್ದು, ವರ್ಷಗಳ ಅವಧಿಯಲ್ಲಿ ಒಂದೊಂದಾಗಿ ಗಟ್ಟಿಯಾಗುತ್ತಾ ಹೋಗುತ್ತವೆ. ಕೊನೆಯದು ಮೂಳೆಯಾಗತೊಡಗುವುದು ಸಾಮಾನ್ಯವಾಗಿ ಎಂಟು ವರ್ಷ ದಾಟಿದ ಮೇಲೆ. ಬೆರಳುಗಳ ಸಣ್ಣ ಸ್ನಾಯುಗಳೂ ಈ ವಯಸ್ಸಿನಲ್ಲಿ ಇನ್ನೂ ಬಲಿಯುತ್ತಿರುತ್ತವೆ. ಆರು ವರ್ಷದ ಕೈಗೆ ಎರಡು ಪುಟ ಎನ್ನುವುದು ಸಣ್ಣ ಕೆಲಸವಲ್ಲ.

ಅಂದಿನಿಂದ ಬರವಣಿಗೆಯ ಅಭ್ಯಾಸವನ್ನೂ ಕೈಯ ಅಭ್ಯಾಸವನ್ನೂ ಬೇರೆ ಮಾಡಿದೆವು. ಹೋಂವರ್ಕ್‌ಗೆ ಮೊದಲು ಸ್ವಲ್ಪ ಹೊತ್ತು ಮಣಿ ಪೋಣಿಸುವುದು, ಒಣಗಿದ ಬಟ್ಟೆಯ ಕ್ಲಿಪ್ಪುಗಳನ್ನು ತೆಗೆದು ಡಬ್ಬಿಗೆ ಹಾಕುವುದು, ಕಾಗದವನ್ನು ಸಣ್ಣಗೆ ಹರಿದು ಅಂಟಿಸುವುದು. ಉದ್ದದ ಪೆನ್ಸಿಲನ್ನು ತೆಗೆದಿಟ್ಟು ಅರ್ಧ ಮುಗಿದ ಗಿಡ್ಡ ಪೆನ್ಸಿಲ್ ಕೊಟ್ಟಾಗ ಮುಷ್ಟಿಯ ಹಿಡಿತ ತಾನಾಗಿ ಸಡಿಲವಾಯಿತು, ಏಕೆಂದರೆ ಗಿಡ್ಡದನ್ನು ನಾಲ್ಕು ಬೆರಳಿನಲ್ಲಿ ಹಿಡಿಯಲು ಜಾಗವೇ ಇರುವುದಿಲ್ಲ. ಸ್ಲೇಟು ಬಳಪ ಬಹಳ ನೆರವಾಯಿತು. ತಪ್ಪಿದರೆ ಒರೆಸಿದರಾಯಿತು, ರಬ್ಬರಿನಿಂದ ಉಜ್ಜಿ ಹಾಳೆ ಹರಿಯುವ ಭಯವಿಲ್ಲ. ಇದೇ ಸಮಯದಲ್ಲಿ ನಾನು ಇನ್ನೊಂದು ಕೆಲಸ ಆರಂಭಿಸಿದೆ: ಪ್ರತಿದಿನ ಹೋಂವರ್ಕ್ ಎಷ್ಟು ಗಂಟೆಗೆ ಶುರುವಾಯಿತು, ಎಷ್ಟಕ್ಕೆ ಮುಗಿಯಿತು, ಯಾವುದರಲ್ಲಿ ಅತ್ತಳು ಎಂಬುದನ್ನು ಡೈರಿಯ ಕೊನೆಯ ಪುಟಗಳಲ್ಲಿ ಒಂದು ಸಾಲಿನಲ್ಲಿ ಬರೆದಿಡುವುದು. ಮುಂದೆ ಶಿಕ್ಷಕಿಯ ಮುಂದೆ ಕುಳಿತಾಗ ಇಡೀ ವರ್ಷದಲ್ಲಿ ಅತ್ಯಂತ ಹೆಚ್ಚು ಉಪಯೋಗಕ್ಕೆ ಬಂದದ್ದು ಈ ಸಾಲುಗಳೇ, ಆದ್ದರಿಂದ ಎಲ್ಲ ಪೋಷಕರಿಗೂ ಇದನ್ನು ಒತ್ತಾಯಪೂರ್ವಕವಾಗಿ ಹೇಳುತ್ತೇನೆ.

ಟ್ಯೂಷನ್‌ಗೆ ಕಳಿಸಿಬಿಡಿ ಎಂದು ಹಲವರು ಹೇಳಿದರು. ಹೋಗಿ ನೋಡಿಯೂ ಬಂದೆ. ಚಾಪೆಯ ಮೇಲೆ ಸಾಲಾಗಿ ಕುಳಿತ ಮಕ್ಕಳು ತಲೆ ಎತ್ತದೆ ಬರೆಯುತ್ತಿದ್ದರು. ಆರು ಗಂಟೆ ಶಾಲೆಯಲ್ಲಿ ಕುಳಿತು ಬಂದವರು ಮತ್ತೆ ಕುಳಿತಿದ್ದರು. ಹೋಂವರ್ಕ್ ಮುಗಿಯುತ್ತದೆ, ಅದು ನಿಜ. ಇಬ್ಬರೂ ಕತ್ತಲಾದ ಮೇಲೆ ಮನೆಗೆ ಬರುವ ದಂಪತಿಗೆ ಬೇರೆ ದಾರಿ ಇಲ್ಲದಿರಬಹುದು, ಅವರನ್ನು ನಾನು ದೂರುವುದಿಲ್ಲ. ನಮ್ಮ ಮನೆಯಲ್ಲಿ ಅತ್ತೆಯವರಿದ್ದರು. ಸಂಜೆ ಆಟ ಮುಗಿಸಿ ಬಂದ ಮೇಲೆ ಕಥೆ ಹೇಳುವ, ಹೇಳಿಸುವ ಕೆಲಸವನ್ನು ಅವರು ವಹಿಸಿಕೊಂಡರು; ಬರೆಸುವುದು ನನ್ನ ಪಾಲಿಗೆ, ಗಣಿತ ನನ್ನವರ ಪಾಲಿಗೆ ಬಂತು.

ಕನ್ನಡವೇ ಕಷ್ಟವಾದದ್ದು ನಮಗೆ ಬಹಳ ನೋವು ಕೊಟ್ಟಿತು. ಮನೆಯಲ್ಲಿ ಅಷ್ಟು ಚೆನ್ನಾಗಿ ಕನ್ನಡ ಮಾತನಾಡುವ ಮಗು ಕನ್ನಡ ಪುಸ್ತಕ ತೆಗೆದರೆ ಮುಖ ಸಪ್ಪಗೆ ಮಾಡುತ್ತಿದ್ದಳು. ಶಾಲೆಯಲ್ಲಿ ವರ್ಣಮಾಲೆಯ ಕ್ರಮದಲ್ಲಿ ಅ, ಆ, ಇ, ಈ ಎಂದು ದಿನಕ್ಕೊಂದು ಅಕ್ಷರ ಬರೆಸುತ್ತಿದ್ದರು. ಇ, ಈ, ಋ, ಐ, ಔ ಇವೆಲ್ಲ ಬರೆಯಲು ಬಹಳ ಸುತ್ತುಗಳಿರುವ ಅಕ್ಷರಗಳು. ಜೊತೆಗೆ ಸ್ವರಗಳನ್ನಷ್ಟೇ ಕಲಿತರೆ ಓದಲು ಪದಗಳು ಸಿಗುವುದೇ ಅಪರೂಪ. ವಾರಗಟ್ಟಲೆ ಬರೆದ ಮಗುವಿಗೆ ಬರೆದದ್ದರಿಂದ ಏನು ಪ್ರಯೋಜನವೆಂದು ಗೊತ್ತಾಗುವುದಾದರೂ ಹೇಗೆ?

ಸರ್ಕಾರಿ ಶಾಲೆಯಲ್ಲಿ ಪಾಠ ಮಾಡುವ ನನ್ನ ಚಿಕ್ಕಮ್ಮ ಇದಕ್ಕೆ ದಾರಿ ತೋರಿಸಿದರು. 1995ರ ಸುಮಾರಿಗೆ ಹೆಗ್ಗಡದೇವನಕೋಟೆಯಲ್ಲಿ ಆರಂಭವಾಗಿ ರಾಜ್ಯದ ಸರ್ಕಾರಿ ಶಾಲೆಗಳಿಗೆಲ್ಲ ಹಬ್ಬಿದ ನಲಿಕಲಿ ಪದ್ಧತಿಯಲ್ಲಿ ಅಕ್ಷರಗಳನ್ನು ವರ್ಣಮಾಲೆಯ ಕ್ರಮದಲ್ಲಿ ಕಲಿಸುವುದಿಲ್ಲ. ಬರೆಯಲು ಸುಲಭವಾದ ಆಕಾರದ, ತಕ್ಷಣ ಪದ ಕಟ್ಟಲು ಬರುವ ಅಕ್ಷರಗಳಿಂದ ತೊಡಗುತ್ತಾರೆ. ಮೊದಲ ಗುಂಪು ರ, ಗ, ಸ, ದ, ಅ. ಹಳೆಯ ಲಗ್ನಪತ್ರಿಕೆಯ ದಪ್ಪ ಕಾಗದವನ್ನು ಚೌಕವಾಗಿ ಕತ್ತರಿಸಿ ಈ ಐದು ಅಕ್ಷರಗಳನ್ನು ಬರೆದು ನೆಲದ ಮೇಲೆ ಹರಡಿದೆವು. ಅವಳು ಅವನ್ನು ಜೋಡಿಸುತ್ತಾ ಜೋಡಿಸುತ್ತಾ ಸರ, ದರ, ಅರಸ, ಅಗಸ ಎಂದು ಓದಿದಳು. ಒಂದು ಸಂಜೆ ಗ, ರ, ಗ, ಸ ಎಂದು ಒಂದೊಂದೇ ಕಾರ್ಡಿನ ಮೇಲೆ ಬೆರಳಿಟ್ಟು ನಿಧಾನವಾಗಿ ಹೇಳಿ, ಒಂದು ಕ್ಷಣ ಸುಮ್ಮನಾಗಿ, “ಗರಗಸ! ತಾತನ ಹತ್ರ ಇದ್ಯಲ್ಲ, ಅದು!” ಎಂದು ಕೂಗಿದಳು. ಯಾರೂ ಹೇಳಿಕೊಡದ ಪದವನ್ನು ತಾನಾಗಿ ಓದಿದ್ದು ಅದೇ ಮೊದಲು. ಅಂದಿನಿಂದ ಕನ್ನಡ ಪುಸ್ತಕ ತೆಗೆಯಲು ಅವಳನ್ನು ಒತ್ತಾಯಿಸಬೇಕಾಗಲಿಲ್ಲ.

ಇಲ್ಲಿ ಪೋಷಕರು ಇನ್ನೊಂದು ಸಂಗತಿಯನ್ನು ತಿಳಿದಿರಬೇಕು. ಇಂಗ್ಲಿಷಿನಲ್ಲಿ 26 ಅಕ್ಷರ ಕಲಿತರೆ ಅಕ್ಷರ ಪರಿಚಯ ಮುಗಿಯುತ್ತದೆ. ಕನ್ನಡದಲ್ಲಿ ಮೂಲಾಕ್ಷರಗಳೇ 49; 34 ವ್ಯಂಜನಗಳ ಕಾಗುಣಿತವೆಂದರೆ ನಾನೂರಕ್ಕೂ ಹೆಚ್ಚು ರೂಪಗಳು, ಅದರ ಮೇಲೆ ಒತ್ತಕ್ಷರಗಳು. ಕನ್ನಡ ಓದಲು ಕಲಿಯುವ ಮಕ್ಕಳನ್ನು ಕುರಿತು ಸೋನಾಲಿ ನಾಗ್ ಅವರು 2007ರಲ್ಲಿ ಪ್ರಕಟಿಸಿದ ಅಧ್ಯಯನವು, ಇಂಗ್ಲಿಷ್ ಅಕ್ಷರಗಳ ಕಲಿಕೆಗೆ ಹೋಲಿಸಿದರೆ ಕನ್ನಡದ ಅಕ್ಷರಗಳು ಕೈವಶವಾಗಲು ಬಹಳ ಹೆಚ್ಚು ಕಾಲ ಬೇಕಾಗುತ್ತದೆಂದು ತೋರಿಸಿದೆ. ಆದ್ದರಿಂದ ಒಂದನೇ ತರಗತಿಯ ಮಗು ಮ ಮತ್ತು ವ, ಪ ಮತ್ತು ಷ, ದ ಮತ್ತು ಧ ಇವುಗಳಲ್ಲಿ ತಡವರಿಸಿದರೆ ಅದು ದಡ್ಡತನದ ಲಕ್ಷಣವಲ್ಲ. 3ನ್ನು ಎಡಬಲ ತಿರುಗಿಸಿ ಬರೆಯುವುದು, ಇಂಗ್ಲಿಷಿನ ಬಿ ಮತ್ತು ಡಿ ಅದಲು ಬದಲಾಗುವುದು ಕೂಡ ಈ ವಯಸ್ಸಿನಲ್ಲಿ ಸಾಮಾನ್ಯ. ಒಂದು ಬಟ್ಟಲನ್ನು ಯಾವ ಕಡೆಯಿಂದ ನೋಡಿದರೂ ಬಟ್ಟಲೆಂದೇ ಗುರುತಿಸುವ ಮಿದುಳು, ಅಕ್ಷರದ ವಿಷಯದಲ್ಲಿ ಮಾತ್ರ ದಿಕ್ಕು ಮುಖ್ಯವೆಂಬುದನ್ನು ಹೊಸದಾಗಿ ಕಲಿಯಬೇಕಾಗುತ್ತದೆ. ಇದು ಏಳೆಂಟು ವರ್ಷ ದಾಟಿದ ಮೇಲೂ ಹಾಗೆಯೇ ಉಳಿದರೆ ತಜ್ಞರನ್ನು ಕಾಣಬೇಕು. ಅಲ್ಲಿಯವರೆಗೆ ಕೆಂಪು ಗೆರೆ ಎಳೆದು ಹತ್ತು ಸಲ ಬರೆಸುವುದರಿಂದ ಮಗುವಿಗೆ ನಾಚಿಕೆಯಾಗುತ್ತದೆಯೇ ಹೊರತು ಅಕ್ಷರ ತಿರುಗಿ ಕೂರುವುದಿಲ್ಲ.

ಮೊದಲ ಪೋಷಕರ ಸಭೆಯಲ್ಲಿ ಒಬ್ಬೊಬ್ಬರಿಗೆ ಕೆಲವೇ ನಿಮಿಷ ಸಿಕ್ಕಿತು. ಹಿಂದೆ ಉದ್ದನೆಯ ಸಾಲು ಕಾಯುತ್ತಿರುವಾಗ ಇಂಥ ವಿಷಯ ಮಾತನಾಡಲು ಆಗುವುದಿಲ್ಲವೆಂದು ಮನಗಂಡು, ಬೇರೆ ದಿನ ಸಮಯ ಕೊಡಬೇಕೆಂದು ಡೈರಿಯಲ್ಲಿ ಬರೆದು ಕಳಿಸಿದೆ. ಒಪ್ಪಿಗೆ ಬರಲು ತಡವಾಯಿತು. ಆ ಬಿಡುವಿನಲ್ಲಿ ನಾನು ಕೆಲವು ದಾಖಲೆಗಳನ್ನು ಓದಿ ಸಿದ್ಧವಾದೆ. ಕೇಂದ್ರ ಶಿಕ್ಷಣ ಸಚಿವಾಲಯದ 2020ರ ಶಾಲಾ ಬ್ಯಾಗ್ ನೀತಿಯು, ಎರಡನೇ ತರಗತಿಯವರೆಗೆ ಹೋಂವರ್ಕ್ ಕೊಡಬೇಕಾಗಿಲ್ಲ, ಬದಲಿಗೆ ಸಂಜೆ ಹೇಗೆ ಕಳೆದೆವು, ಯಾವ ಆಟ ಆಡಿದೆವು ಎಂಬುದನ್ನು ಮಕ್ಕಳು ತರಗತಿಯಲ್ಲಿ ಹೇಳುವಂತೆ ಪ್ರೋತ್ಸಾಹಿಸಬಹುದು ಎನ್ನುತ್ತದೆ. ಮೂರರಿಂದ ಐದನೇ ತರಗತಿಗೂ ಅದು ಹೇಳುವುದು ವಾರಕ್ಕೆ ಹೆಚ್ಚೆಂದರೆ ಎರಡು ಗಂಟೆ. ಮೂರರಿಂದ ಎಂಟು ವರ್ಷದವರಿಗಾಗಿ 2022ರಲ್ಲಿ ಬಂದ ಬುನಾದಿ ಹಂತದ ರಾಷ್ಟ್ರೀಯ ಪಠ್ಯಕ್ರಮ ಚೌಕಟ್ಟು ಒಂದು ಮತ್ತು ಎರಡನೇ ತರಗತಿಗಳನ್ನೂ ಆಟದ ಮೂಲಕ ಕಲಿಯುವ ಹಂತದೊಳಗೇ ಸೇರಿಸುತ್ತದೆ. ಹೋಂವರ್ಕ್ ಬಗೆಗಿನ ಸಂಶೋಧನೆಗಳನ್ನು 1989ರಲ್ಲಿಯೂ 2006ರಲ್ಲಿಯೂ ಒಟ್ಟುಗೂಡಿಸಿ ನೋಡಿದ ಅಮೆರಿಕದ ಹ್ಯಾರಿಸ್ ಕೂಪರ್, ಕಿರಿಯ ತರಗತಿಗಳಲ್ಲಿ ಹೋಂವರ್ಕ್ ಪ್ರಮಾಣಕ್ಕೂ ಕಲಿಕೆಯ ಸಾಧನೆಗೂ ಇರುವ ನಂಟು ದುರ್ಬಲವೆಂದು ಕಂಡುಕೊಂಡಿದ್ದರು.

ಇಷ್ಟೆಲ್ಲ ಕೈಯಲ್ಲಿದ್ದರೂ ಮಾತನ್ನು ನೀತಿಯಿಂದ ಆರಂಭಿಸಲಿಲ್ಲ. ಡೈರಿಯ ಹಿಂದಿನ ಪುಟಗಳನ್ನೂ ಅಕ್ಷರಗಳು ಜಾರಿದ ಆ ಪುಟವನ್ನೂ ತೆರೆದು ಮಿಸ್ ಮುಂದೆ ಇಟ್ಟೆ. ಅವರು ಬಹಳ ಹೊತ್ತು ನೋಡಿದರು. “ಇಷ್ಟು ಹೊತ್ತು ಹಿಡಿಯುತ್ತದೆ ಎಂದು ನಮಗೆ ಗೊತ್ತೇ ಆಗುವುದಿಲ್ಲ ಮೇಡಂ. ಪುಸ್ತಕ ತುಂಬದಿದ್ದರೆ ಉಳಿದ ಪೋಷಕರು ಬಂದು ಕೇಳುತ್ತಾರೆ, ಏನೂ ಬರೆಸುತ್ತಿಲ್ಲವಲ್ಲ ಎಂದು,” ಎಂದರು. ಈ ಮಾತನ್ನು ಪೋಷಕರಾದ ನಾವೆಲ್ಲ ಗಂಭೀರವಾಗಿ ಯೋಚಿಸಬೇಕು: ಹೋಂವರ್ಕ್‌ನ ಹೊರೆಯ ಒಂದು ಪಾಲು ನಮ್ಮ ಒತ್ತಾಯದಿಂದಲೇ ಬಂದದ್ದು. ನಾನು ಕೇಳಿದ್ದು ಇಷ್ಟೇ: ಪೂರ್ತಿ ಪುಟದ ಬದಲು ಮೂರು ಸಾಲು ಚೆನ್ನಾಗಿ ಬರೆಯಲಿ, ಉಳಿದ ಸಮಯದಲ್ಲಿ ಗಟ್ಟಿಯಾಗಿ ಓದಲಿ, ಓದಿದ್ದಕ್ಕೆ ನಾನು ಸಹಿ ಹಾಕಿ ಕಳಿಸುತ್ತೇನೆ. ಅವರಿಗೆ ಒಪ್ಪಿಗೆಯಿತ್ತು, ಆದರೆ ಮೇಲಿನವರ ಅನುಮತಿ ಬೇಕಿತ್ತು. ಅದಕ್ಕಾಗಿ ಮತ್ತೆ ಪತ್ರ, ಮತ್ತೆ ಕಾಯುವುದು. ನೀತಿಯ ಪ್ರತಿಯನ್ನು ಲಗತ್ತಿಸಿದ್ದು ಆ ಪತ್ರಕ್ಕೆ. ಅನುಮತಿ ಬರುವ ಹೊತ್ತಿಗೆ ಮೊದಲ ಕಿರುಪರೀಕ್ಷೆ ಮುಗಿದುಹೋಗಿತ್ತು. ಬಂದ ಮೇಲೆ ಮಾತ್ರ ಮನೆಯ ಸಂಜೆಗಳು ಬದಲಾದವು, ಆಟಕ್ಕೆ ಹೊತ್ತು ಸಿಕ್ಕಿತು, ನಿದ್ದೆಯ ಹೊತ್ತಿನ ಅಳು ನಿಂತಿತು.

ದಸರಾ ರಜೆಗೆ ಮೊದಲು ಇನ್ನೊಂದು ತೊಡಕು ಕಾಣಿಸಿಕೊಂಡಿತು. ಮನೆಯಲ್ಲಿ ಪಠ್ಯಪುಸ್ತಕ ನೋಡಿ ಬರೆದದ್ದೆಲ್ಲ ಸರಿಯಾಗಿಯೇ ಇರುತ್ತಿತ್ತು. ಶಾಲೆಯಲ್ಲಿ ಬೋರ್ಡ್ ನೋಡಿ ಬರೆದದ್ದರಲ್ಲಿ ಮಾತ್ರ 8 ಇದ್ದಲ್ಲಿ 3, 7 ಇದ್ದಲ್ಲಿ 1, ಅರ್ಧಕ್ಕೆ ತಪ್ಪಿಹೋದ ಪದಗಳು. “ಅಜಾಗರೂಕತೆ” ಎಂಬ ಷರಾ ಎರಡು ಪುಸ್ತಕಗಳಲ್ಲಿ ಬಂದಿತ್ತು. ಎರಡನ್ನೂ ಅಕ್ಕಪಕ್ಕ ಇಟ್ಟು ನೋಡಿದಾಗ ವ್ಯತ್ಯಾಸ ದೂರಕ್ಕೆ ಸಂಬಂಧಿಸಿದ್ದೆಂದು ಹೊಳೆಯಿತು. ಕಣ್ಣಿನ ವೈದ್ಯರಲ್ಲಿ ತೋರಿಸಿದೆವು. ಚಿಕ್ಕ ಮಕ್ಕಳಿಗೆ ಪಾಪೆ ಹಿಗ್ಗಿಸುವ ಔಷಧಿಯ ಹನಿ ಹಾಕಿ, ಅದು ಹಿಡಿಯುವವರೆಗೆ ಕಾದು ಪರೀಕ್ಷಿಸುತ್ತಾರೆ. ಆ ದಿನವಿಡೀ ಹತ್ತಿರದ್ದು ಮಸುಕಾಗಿ, ಬಿಸಿಲು ಚುಚ್ಚಿ, ಓದು ಬರಹ ಸಾಧ್ಯವಾಗುವುದಿಲ್ಲವಾದ್ದರಿಂದ ಶನಿವಾರ ಮಧ್ಯಾಹ್ನ ಹೋಗುವುದು ಅನುಕೂಲ. ಸಮೀಪದೃಷ್ಟಿ ಇದೆಯೆಂದು ತಿಳಿಯಿತು. ಕನ್ನಡಕ ಬಂದ ಮೇಲೆ, ಮತ್ತು ವೈದ್ಯರ ಚೀಟಿ ತೋರಿಸಿ ಅವಳನ್ನು ಮುಂದಿನ ಬೆಂಚಿಗೆ ಕೂರಿಸಿದ ಮೇಲೆ, ಡೈರಿ ಪೂರ್ತಿಯಾಗಿ ಬರತೊಡಗಿತು. ಬೋರ್ಡಿನಿಂದ ಬರೆಯುವಾಗ ಮಾತ್ರ ತಪ್ಪು ಮಾಡುವ ಮಗುವನ್ನು ಗದರಿಸುವ ಮೊದಲು ಕಣ್ಣು ತೋರಿಸಿ ಎಂದು ಎಲ್ಲ ತಂದೆತಾಯಂದಿರನ್ನೂ ಕಳಕಳಿಯಿಂದ ಕೇಳಿಕೊಳ್ಳುತ್ತೇನೆ.

ವರ್ಷದ ಉತ್ತರಾರ್ಧದ ಬಗ್ಗೆ ಹೆಚ್ಚು ಹೇಳುವುದಿಲ್ಲ. ಪ್ರಾಜೆಕ್ಟ್ ಎಂಬ ಹೆಸರಿನಲ್ಲಿ ಚಾರ್ಟು, ಬಣ್ಣದ ಪ್ರಿಂಟುಗಳು, ಥರ್ಮೊಕೋಲ್ ಮಾದರಿಗಳು ಬಂದವು. ಶುಲ್ಕದ ಪಟ್ಟಿಯಲ್ಲಿ ಕಾಣದ ಈ ಸಣ್ಣ ಖರ್ಚುಗಳು ತಿಂಗಳ ಕೊನೆಗೆ ದೊಡ್ಡದಾಗಿಯೇ ಕೂಡುತ್ತವೆ. ಮಾದರಿಯನ್ನು ನಾವು ಮಾಡಿಕೊಡದೆ ಅವಳ ಕೈಯಲ್ಲಿ ಆದಷ್ಟನ್ನೇ ಕಳಿಸಿದೆವು. ರಾತ್ರಿ ಒಂಬತ್ತರ ನಂತರ ಗುಂಪಿಗೆ ಬರುವ ಹೋಂವರ್ಕ್ ಸಂದೇಶಗಳನ್ನು ಮರುದಿನ ನೋಡುವುದೆಂದು ನಿರ್ಧರಿಸಿ, ಅದನ್ನು ಮಿಸ್ ಅವರಿಗೂ ವಿನಯದಿಂದ ತಿಳಿಸಿದೆವು.

ಇಂಗ್ಲಿಷ್ ಓದಿನ ಬಗ್ಗೆ ಒಂದು ಮಾತು ಹೇಳಲೇಬೇಕು. ಪಾಠವನ್ನು ಪುಟ ತಿರುಗಿಸುತ್ತಾ ಒಂದೂ ತಪ್ಪಿಲ್ಲದೆ ಓದುವ ಮಗು ನಿಜವಾಗಿ ಓದುತ್ತಿರುತ್ತದೆಯೆಂದು ಹೇಳಲಾಗದು. ತರಗತಿಯಲ್ಲಿ ಎಲ್ಲರೂ ಒಟ್ಟಿಗೆ ಹೇಳಿ ಹೇಳಿ ಅದು ಬಾಯಿಗೆ ಬಂದಿರಬಹುದು. ಒಂದು ಸಾಲನ್ನು ಕೊನೆಯ ಪದದಿಂದ ಹಿಂದಕ್ಕೆ ಓದಿಸಿದರೆ ತಕ್ಷಣ ಗೊತ್ತಾಗುತ್ತದೆ. ನನ್ನ ಮಗಳು ಎಷ್ಟೋ ಪದಗಳನ್ನು ಮುಂದಿನಿಂದ ಹೇಳಬಲ್ಲವಳಾಗಿದ್ದು, ಹಿಂದಿನಿಂದ ಕೇಳಿದಾಗ ನಿಂತುಬಿಟ್ಟಳು. ಆಮೇಲೆ ನಾವು ಅಕ್ಷರದ ಹೆಸರನ್ನು ಬಿಟ್ಟು ಅದರ ಧ್ವನಿಯಿಂದ, ಮೂರಕ್ಷರದ ಪುಟ್ಟ ಪದಗಳಿಂದ ಮತ್ತೆ ತೊಡಗಿದೆವು. ಕನ್ನಡದಲ್ಲಿ ಕಾರ್ಡು ಜೋಡಿಸಿ ಓದಿದ ಅಭ್ಯಾಸ ಇಲ್ಲಿ ಕೈಹಿಡಿಯಿತು. ಧ್ವನಿಗಳನ್ನು ಕೂಡಿಸಿದರೆ ಪದವಾಗುತ್ತದೆಂಬ ತಿಳಿವಳಿಕೆ ಅವಳಲ್ಲಿ ಆಗಲೇ ಇತ್ತು.

ಈಗ ಶಾಲೆ ಹುಡುಕುತ್ತಿರುವವರು ಶುಲ್ಕ ಕಟ್ಟುವ ಮೊದಲು ಒಂದನೇ ತರಗತಿಯ ಒಂದು ಹಳೆಯ ಹೋಂವರ್ಕ್ ಪುಸ್ತಕವನ್ನು ತೋರಿಸುವಂತೆ ಕೇಳಿ. ಹೋಂವರ್ಕ್ ಯಾರು ಯಾವ ದಿನ ಕೊಡಬೇಕೆಂಬ ವೇಳಾಪಟ್ಟಿ ಇದೆಯೇ, ಕೊಂಡ ಎಲ್ಲ ವರ್ಕ್‌ಬುಕ್‌ಗಳನ್ನೂ ತುಂಬಿಸಲೇಬೇಕೇ, ನರ್ಸರಿಯಿಂದ ಬಾರದ ಮಕ್ಕಳಿಗೆ ತರಗತಿಯಲ್ಲೇ ಪ್ರತ್ಯೇಕ ಸಮಯ ಕೊಡುತ್ತಾರೆಯೇ ಎಂಬುದನ್ನೂ ವಿಚಾರಿಸಿ. ಹೋಂವರ್ಕ್ ಮಾಡದ ಮಗುವನ್ನು ಹೊರಗೆ ನಿಲ್ಲಿಸುವುದು, ಹೊಡೆಯುವುದು, ಎಲ್ಲರ ಮುಂದೆ ಹೀಯಾಳಿಸುವುದು ಶಿಕ್ಷಣ ಹಕ್ಕು ಕಾಯ್ದೆಯ 17ನೇ ಸೆಕ್ಷನ್ ನಿಷೇಧಿಸುವ ದೈಹಿಕ ಶಿಕ್ಷೆ ಮತ್ತು ಮಾನಸಿಕ ಕಿರುಕುಳದ ಸಾಲಿಗೆ ಸೇರುತ್ತದೆ ಎಂಬುದು ನೆನಪಿರಲಿ.

ಎರಡನೇ ತರಗತಿಯ ಪುಸ್ತಕಗಳ ಪಟ್ಟಿ ಬಂದಿದೆ, ವರ್ಕ್‌ಬುಕ್‌ಗಳು ಮೊದಲಿಗಿಂತ ಹೆಚ್ಚಿವೆ. ಶಾಲೆ ತೆರೆದ ಮೊದಲ ವಾರದಲ್ಲೇ ಹೊಸ ಮಿಸ್ ಅವರನ್ನು ಕಂಡು, ಕಣ್ಣಿನ ಚೀಟಿಯ ಪ್ರತಿಯನ್ನೂ ಕಳೆದ ವರ್ಷದ ಅನುಮತಿ ಪತ್ರವನ್ನೂ ಕೊಡುವವಳಿದ್ದೇನೆ.